ಅಡುಗೆಮನೆ ಕಪಾಟು: ಬಣ್ಣ ಮತ್ತು ಮೇಲ್ಮೈ (ಸಕಲೇಶಪುರ–ಆಲೂರು ಮಲೆನಾಡು)

ಹಾಸನ ಜಿಲ್ಲೆಯ ಈ ಗುಡ್ಡಸೀಮೆಯಲ್ಲಿ ಅಡುಗೆಮನೆ ನವೀಕರಿಸುವಾಗ ಬಣ್ಣಕ್ಕಿಂತ ಮೊದಲು ನಿರ್ಧಾರವಾಗಬೇಕಾದ್ದು ಹಲಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಇಲ್ಲಿ ಗೋಡೆಯೇ ಬೆವರುತ್ತದೆ. ಪಾರ್ಟಿಕಲ್ ಬೋರ್ಡಿನ ಅಂಚಿಗೆ ಮುಚ್ಚಿಗೆ ಇಲ್ಲದಿದ್ದರೆ ನೀರು ಹೀರಿ ಉಬ್ಬುತ್ತದೆ, ಹಿಂಜಿನ ಸ್ಕ್ರೂ ಹಿಡಿತ ಬಿಡುತ್ತದೆ. ಸಿಂಕಿನ ಕೆಳಗಂತೂ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ಡೇ ಸರಿ. ಬಾಗಿಲಿನ ಒಳಬದಿಗೂ ಲ್ಯಾಮಿನೇಟ್ ಅಂಟಿಸಬೇಕು, ಇಲ್ಲವಾದರೆ ಸೊಟ್ಟಗಾಗುತ್ತದೆ.

ಹಳೆಯ ತೋಟದ ಮನೆಯಲ್ಲಿ ಹಲಸಿನ ಮರದ ಕಪಾಟಿದ್ದರೆ ಕಿತ್ತೆಸೆಯುವುದು ದೊಡ್ಡ ನಷ್ಟ. ಹೊಸದರಲ್ಲಿ ಅರಿಸಿನ ಬಣ್ಣದ ಈ ಮರ ವರ್ಷ ಕಳೆದಂತೆ ಕಂದಿಗೆ ತಿರುಗುತ್ತದೆ. ಅದರ ಮೇಲೆ ಪೇಂಟ್ ಬಳಿಯದೆ, ಉಜ್ಜಿ ಪಾರದರ್ಶಕ ಪಾಲಿಶ್ ಕೊಡುವುದು ಲೇಸು. ಮಳೆಗಾಲದಲ್ಲಿ ಹೊಡೆದ ಪಾಲಿಶ್ ಮಬ್ಬಾಗುವುದುಂಟು. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಮೋಡ ಕವಿದ ತಿಂಗಳುಗಳಲ್ಲಿ ಹಂಚಿನ ಮಾಡಿನ ಕೆಳಗೆ ಕಡುಬೂದು, ಕಪ್ಪು ಬಾಗಿಲುಗಳು ಕತ್ತಲೆ ಹೆಚ್ಚಿಸುತ್ತವೆ. ಮೇಲಿನ ಸಾಲಿಗೆ ಕೆನೆಬಣ್ಣ, ಕೆಳಗೆ ಮರದ ಬಣ್ಣ ಹೊಂದುತ್ತದೆ. ಸೌದೆ ಒಲೆ ಉಳಿಸಿಕೊಂಡವರಿಗೆ ಅಚ್ಚ ಬಿಳಿ ಬೇಡ. ಮ್ಯಾಟ್ ಮೇಲ್ಮೈಯಲ್ಲಿ ಬೆರಳಿನ ಗುರುತು ಎದ್ದು ಕಾಣದು. ಆದರೆ ಒರಟು ಗೆರೆಗಳಿರುವ ಲ್ಯಾಮಿನೇಟಿನಲ್ಲಿ ಒಗ್ಗರಣೆಯ ಜಿಡ್ಡು ಕೂತು, ಆಷಾಢದ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ. ನಯವಾದ ಮೇಲ್ಮೈಯಾದರೆ ಒದ್ದೆಬಟ್ಟೆಯಲ್ಲಿ ಒರೆಸಿ, ಒಣಬಟ್ಟೆ ಆಡಿಸಿದರೆ ಸಾಕು.