ಮಲ್ಟಿಪಲ್ ಸ್ಕ್ಲೆರೋಸಿಸ್: ರೋಗನಿರ್ಣಯದಲ್ಲಿ ವಿಳಂಬ

ಮಿದುಳು ಹಾಗೂ ಬೆನ್ನುಹುರಿಯ ನರತಂತುಗಳ ಹೊದಿಕೆಯು ದೇಹದ ರೋಗನಿರೋಧಕ ವ್ಯವಸ್ಥೆಯಿಂದಲೇ ಹಾನಿಗೊಳಗಾಗುವ ಈ ಕಾಯಿಲೆಯು ಸಾಮಾನ್ಯವಾಗಿ 20ರಿಂದ 40 ವರ್ಷ ವಯಸ್ಸಿನವರಲ್ಲಿ, ವಿಶೇಷವಾಗಿ ಮಹಿಳೆಯರಲ್ಲಿ ಆರಂಭವಾಗುತ್ತದೆ.

ಲಕ್ಷಣಗಳು ತಾವಾಗಿಯೇ ಶಮನಗೊಳ್ಳುವುದು ವಿಳಂಬಕ್ಕೆ ಪ್ರಮುಖ ಕಾರಣವಾಗಿದೆ. ಒಂದು ಕಣ್ಣಿನ ದೃಷ್ಟಿ ಮಂಜಾಗಿ ಕೆಲವು ವಾರಗಳಲ್ಲಿ ಸುಧಾರಿಸಿದರೆ ಅದು ಮರೆತುಹೋಗುತ್ತದೆ. ವರ್ಷಗಳ ನಂತರ ಕಾಲು ಜೋಮು ಹಿಡಿದಾಗ ರೋಗಿಯು ಮೂಳೆ ತಜ್ಞರ ಬಳಿ ತೆರಳುತ್ತಾರೆ. ಎರಡೂ ದಾಖಲೆಗಳು ಒಂದೆಡೆ ಸೇರುವುದೇ ಇಲ್ಲ. ಆಯಾಸವನ್ನಂತೂ ಮನೆಯವರು ಕಾಯಿಲೆಯೆಂದೇ ಪರಿಗಣಿಸುವುದಿಲ್ಲ.

ಇದನ್ನು ದೃಢಪಡಿಸುವ ಏಕೈಕ ಪರೀಕ್ಷೆ ಇಲ್ಲ. ಎಂ.ಆರ್.ಐ., ಅಗತ್ಯವಿದ್ದಲ್ಲಿ ಬೆನ್ನುಹುರಿ ದ್ರವದ ಪರೀಕ್ಷೆ ಹಾಗೂ ರೋಗಿಯ ಪೂರ್ವವೃತ್ತಾಂತವನ್ನು ಒಟ್ಟಾಗಿ ಪರಿಶೀಲಿಸಿ, ಇದನ್ನು ಹೋಲುವ ಇತರ ಕಾಯಿಲೆಗಳನ್ನು ತಜ್ಞರು ಕೈಬಿಡಬೇಕಾಗುತ್ತದೆ. ವಿಳಂಬವಾದಷ್ಟೂ ಶಾಶ್ವತ ನರಹಾನಿಯ ಸಂಭವ ಹೆಚ್ಚು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಈ ಕಾಯಿಲೆಯು ಸೇರಿದೆ. ಆದರೆ ರೋಗನಿರ್ಣಯವಾಗದೆ ಪ್ರಮಾಣಪತ್ರ ದೊರೆಯದು. ಹಳೆಯ ವೈದ್ಯಕೀಯ ಚೀಟಿಗಳನ್ನು, ವಿಶೇಷವಾಗಿ ಕಣ್ಣಿನ ಚಿಕಿತ್ಸೆಯವುಗಳನ್ನು, ನರರೋಗ ತಜ್ಞರಿಗೆ ತೋರಿಸುವುದು ಅವಶ್ಯ.