ಬಾಗಿಲು ತಟ್ಟುತ್ತಿದ್ದ ವಾಕ್ಯ

ಬೆಳಗ್ಗೆ ಕಣ್ಣು ಪೂರ್ತಿ ಬಿಡೋ ಮೊದಲೇ ನಮ್ಮ ಕೈ ಮೊಬೈಲ್ ಹುಡುಕುತ್ತೆ. ವಾಟ್ಸಾಪ್ ತೆರೆದರೆ ಹತ್ತು ಗುಡ್ ಮಾರ್ನಿಂಗ್, ಸೂರ್ಯೋದಯದ ಚಿತ್ರದ ಮೇಲೊಂದು ಸುಭಾಷಿತ. ಓದ್ತೀವಿ, ಕೈಮುಗಿಯೋ ಎಮೋಜಿ ಒತ್ತುತ್ತೀವಿ, ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿಗೆ ಮರೆತಿರ್ತೀವಿ.

ಕೆಲವು ವರ್ಷಗಳ ಹಿಂದೆ ನನ್ನ ಕೆಲಸ ಹೋಯ್ತು. ಊರಲ್ಲಿರೋ ಅಪ್ಪನಿಗೆ ಹೇಳೋ ಧೈರ್ಯ ಬರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಮಲಗಿಬಿಟ್ಟೆ. ನನ್ನ ರೂಮ್‌ಮೇಟ್ ಮಂಗಳೂರಿನ ಕ್ರೈಸ್ತ ಹುಡುಗ. ದಿನಾ ಬೆಳಗ್ಗೆ ಪುಟ್ಟ ಪುಸ್ತಕವೊಂದನ್ನು ತೆರೆದು ಆ ದಿನದ ಬೈಬಲ್ ವಾಕ್ಯ ಓದೋ ಅಭ್ಯಾಸ ಅವನಿಗೆ. ಆ ವಾರ ಮಾತ್ರ ಪುಸ್ತಕ ಹಿಡಿದು ನನ್ನ ಬಾಗಿಲು ತಟ್ಟುತ್ತಿದ್ದ. ವಾಕ್ಯ ಓದಿ, "ತಿಂಡಿ ಆಯ್ತಾ ಮಾರಾಯ?" ಅಂತಿದ್ದ. ನಾನು ಕ್ರೈಸ್ತನಲ್ಲ. ಯಾವ ವಾಕ್ಯ ಅಂತ ಈಗ ನೆನಪೂ ಇಲ್ಲ. ಬಾಗಿಲು ತಟ್ಟಿದ ಸದ್ದು ಮಾತ್ರ ಚೆನ್ನಾಗಿ ನೆನಪಿದೆ.

ದಿನಕ್ಕೊಂದು ವಾಕ್ಯ ಅನ್ನೋ ಈ ಪದ್ಧತಿಯ ಚರಿತ್ರೆ ಹುಡುಕುತ್ತಾ ಹೋದಾಗ ನಾನು ತಲುಪಿದ್ದು ಜರ್ಮನಿಯ ಸ್ಯಾಕ್ಸನಿಯಲ್ಲಿರೋ ಹೆರ್ನ್‌ಹೂಟ್ ಎಂಬ ಊರಿಗೆ. ಧರ್ಮದ ಕಾರಣಕ್ಕೆ ಕಿರುಕುಳ ತಾಳಲಾರದೆ ಮೊರಾವಿಯಾದಿಂದ ಓಡಿ ಬಂದವರು 1722ರಲ್ಲಿ ಜಿಂಜೆಂಡಾರ್ಫ್ ಎಂಬ ಶ್ರೀಮಂತನ ಜಮೀನಿನಲ್ಲಿ ಕಟ್ಟಿಕೊಂಡ ಊರು ಅದು. ಆಮೇಲೆ ಬೇರೆ ಬೇರೆ ಪಂಗಡದವರೂ ಬಂದು ಸೇರಿದರು. ಒಂದೇ ದೇವರು, ಆದರೆ ದಿನಾ ಜಗಳ. 1727ರ ಹೊತ್ತಿಗೆ ಊರು ಒಡೆದೇ ಹೋಗುವ ಸ್ಥಿತಿ. ಆ ವರ್ಷ ಹೇಗೋ ರಾಜಿಯಾಯ್ತು. ಆದರೆ ರಾಜಿ ಮಾಡಿಕೊಂಡವರು ಮಾರನೇ ದಿನವೂ ಒಟ್ಟಿಗೇ ಬದುಕಬೇಕಲ್ಲ?

1728ರ ಮೇ 3ರ ಸಂಜೆ ಜಿಂಜೆಂಡಾರ್ಫ್ ಊರವರಿಗೆ ಮಾರನೇ ದಿನಕ್ಕೆಂದು ಒಂದು ಮಾತು ಕೊಟ್ಟ. ತಮಾಷೆ ಅಂದರೆ ಆ ಮೊದಲ ಮಾತು ಬೈಬಲ್ಲಿನದಲ್ಲ, ಭಕ್ತಿಗೀತೆಯ ಸಾಲು! ಇದನ್ನು ಅವರು 'ಲೋಸುಂಗ್' ಅಂದರು. ಕಾವಲಿನ ಸೈನಿಕರು ತಮ್ಮವರನ್ನು ಗುರುತಿಸೋಕೆ ಬಳಸುವ ಗುಟ್ಟಿನ ಪದಕ್ಕೂ ಅದೇ ಹೆಸರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪಾಸ್‌ವರ್ಡ್. ಆಮೇಲೆ ದಿನಾ ಬೆಳಗ್ಗೆ ಒಬ್ಬರು ಅಂದಿನ ವಾಕ್ಯ ಹೊತ್ತು ಮನೆಮನೆಗೆ ಹೋಗೋರು. ಬರೀ ಹೇಳಿ ಬರುತ್ತಿರಲಿಲ್ಲ. ಆ ಮನೆಯವರು ಹೇಗಿದ್ದಾರೆ, ಏನು ಕಷ್ಟ ಅಂತ ತಿಳಿದುಕೊಂಡು ಬರೋರು. ಸಂಜೆ ಎಲ್ಲರೂ ಸೇರಿದಾಗ ಅದಕ್ಕೆ ದಾರಿ ಹುಡುಕೋರು. ಅಂದರೆ ಈ ನೋಟಿಫಿಕೇಶನ್ನಿಗೆ ಕಾಲಿತ್ತು, ಕಿವಿಯೂ ಇತ್ತು.

1731ರಿಂದ ಇಡೀ ವರ್ಷದ ವಾಕ್ಯಗಳು ಪುಸ್ತಕವಾಗಿ ಅಚ್ಚಾದವು. ಇವತ್ತಿಗೂ ಹೆರ್ನ್‌ಹೂಟ್‌ನಲ್ಲಿ ಹಳೆ ಒಡಂಬಡಿಕೆಯ ವಾಕ್ಯಗಳನ್ನು ಚೀಟಿ ಎತ್ತಿ ಆರಿಸುತ್ತಾರೆ. ಪುಸ್ತಕ 50ಕ್ಕೂ ಹೆಚ್ಚು ಭಾಷೆಗಳಲ್ಲಿ ಬರುತ್ತೆ. ಚೀಟಿ ಎತ್ತೋದರಲ್ಲಿ ಒಂದು ಸೊಗಸಿದೆ. ನಮಗೆ ಇಷ್ಟವಾಗಿದ್ದನ್ನೇ ತೋರಿಸೋ ಅಲ್ಗಾರಿದಮ್ ಅಲ್ಲ ಅದು. ಬೇಡವಾದ ಮಾತೂ ಬರಬಹುದು.

ಬೊನ್‌ಹೋಫರ್‌ಗೂ ಅಂಥದೊಂದು ಮಾತು ಎದುರಾಯ್ತು. ಹಿಟ್ಲರನನ್ನು ವಿರೋಧಿಸುತ್ತಿದ್ದ ಈ ಜರ್ಮನ್ ಪಾದ್ರಿ 1939ರ ಜೂನ್‌ನಲ್ಲಿ ನ್ಯೂಯಾರ್ಕ್ ಸೇರಿದ. ವಯಸ್ಸು 33. ಗೆಳೆಯರು ಅಲ್ಲೇ ಕೆಲಸ ನೋಡಿದ್ದರು. ಪ್ರಾಣ ಉಳಿಸಿಕೊಳ್ಳೋಕೆ ಅದಕ್ಕಿಂತ ಒಳ್ಳೆ ಆಫರ್ ಬೇಕಾ? ಆದರೆ ಅವನ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಕೆಲಸ ಬೇಡ ಅಂದ, ಆದರೂ ಹೊಯ್ದಾಟ ಮುಗಿಯಲಿಲ್ಲ. ಜೂನ್ 26ರಂದು ಆಕಸ್ಮಿಕವಾಗಿ ಓದಿದ ವಾಕ್ಯ, ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದ್ದು: ಸೆರೆಯಲ್ಲಿದ್ದ ಮುದುಕ, ಚಳಿಗಾಲ ಶುರುವಾಗೋ ಮುಂಚೆ ಬಂದುಬಿಡು ಅಂತ ತನ್ನ ಶಿಷ್ಯನನ್ನು ಕರೆಯೋ ಮಾತು. ಅದು ದಿನವಿಡೀ ತನ್ನನ್ನು ಬಿಡಲಿಲ್ಲ ಅಂತ ಬೊನ್‌ಹೋಫರ್ ದಿನಚರಿಯಲ್ಲಿ ಬರೆದುಕೊಂಡ. ಜುಲೈಯಲ್ಲಿ ಹಡಗು ಹತ್ತಿದ. ಸೆಪ್ಟೆಂಬರ್ 1ಕ್ಕೆ ಯುದ್ಧ.

ವಾಕ್ಯ ಅವನಿಗೆ ಉತ್ತರ ಹೇಳಿಕೊಡಲಿಲ್ಲ, ಒಳಗೆ ಕುದಿಯುತ್ತಿದ್ದುದಕ್ಕೆ ಮಾತು ಕೊಟ್ಟಿತು ಅಷ್ಟೆ. ದಿನದ ವಾಕ್ಯದ ಪುಸ್ತಕವನ್ನು ಅವನಂತೆ ಊರಲ್ಲಿ ಅವನವರೂ ತೆರೆಯುತ್ತಿದ್ದರು ಅನ್ನೋದನ್ನು ಮರೆಯಬಾರದು. 1943ರಲ್ಲಿ ಬಂಧನವಾಯ್ತು. 1944ರ ಜುಲೈ 20ರಂದು ಹಿಟ್ಲರನನ್ನು ಮುಗಿಸೋ ಸಂಚು ಕೈಕೊಟ್ಟಿತು. ಇನ್ನು ತನ್ನ ಕಥೆ ಏನಾಗುತ್ತೆ ಅಂತ ಗೊತ್ತಿದ್ದೂ, ಮಾರನೇ ದಿನ ಗೆಳೆಯನಿಗೆ ಬರೆದ ಪತ್ರದಲ್ಲಿ ಆ ಎರಡು ದಿನದ ವಾಕ್ಯಗಳನ್ನು ನೆನೆದ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು.

ಹಾಗಾದರೆ ವಾಕ್ಯ ಅವನನ್ನು ಕಾಪಾಡಲಿಲ್ವಾ? ಪ್ರಾಣ ಉಳಿಸಲಿಲ್ಲ, ನಿಜ. ಆದರೆ ಒಂಟಿಯಾಗೋಕೂ ಬಿಡಲಿಲ್ಲ. ಧೈರ್ಯ ಅಂದರೆ ಎಲ್ಲಾ ಸರಿಹೋಗುತ್ತೆ ಅನ್ನೋ ಭರವಸೆ ಅಂತ ನಾನು ಅಂದುಕೊಂಡಿದ್ದೆ. ಜೊತೆಗೆ ಯಾರೋ ಇದ್ದಾರೆ ಅನ್ನೋ ಅರಿವೂ ಧೈರ್ಯವೇ.

ರೂಮ್‌ಮೇಟ್ ಬಾಗಿಲು ತಟ್ಟಿದ ನಾಲ್ಕನೇ ದಿನ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಬಿಡಬೇಡ ಮಗಾ" ಅಂದರು.

ನಾಳೆ ಬೆಳಗ್ಗೆ ಸುಭಾಷಿತ ಫಾರ್ವರ್ಡ್ ಮಾಡೋ ಮುಂಚೆ ಒಬ್ಬರ ಬಾಗಿಲು ತಟ್ಟಿ ನೋಡಿ. ಕನಿಷ್ಠ ಒಂದು ಫೋನ್ ಮಾಡಿ.