ಬತ್ತಿದ ಕಣ್ಣು, ಉರಿಯುವ ಪಾದ

2009ರಲ್ಲಿ ಅಮ್ಮ ತೀರಿಕೊಂಡಾಗ ನನ್ನ ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ‘ಎಂಥ ಗಟ್ಟಿ ಮನಸ್ಸು ಇವಳದು’ ಎಂದು ನೆಂಟರು ಗುಸುಗುಟ್ಟಿದ್ದು ಕಿವಿಗೆ ಬಿತ್ತು. ಅಕ್ಕನಂತೂ ವೈಕುಂಠ ಸಮಾರಾಧನೆ ಮುಗಿಯುವವರೆಗೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಈರುಳ್ಳಿ ಹೆಚ್ಚಿದರೂ ನನ್ನ ಕಣ್ಣು ಒದ್ದೆಯಾಗುತ್ತಿರಲಿಲ್ಲ, ನೀರಿಲ್ಲದೆ ಅವಲಕ್ಕಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇದನ್ನೆಲ್ಲ ಕಾಯಿಲೆ ಅಂತ ಯಾರು ತಾನೇ ಎಣಿಸುತ್ತಾರೆ?

ಆಮೇಲೆ ಪಾದದ ಉರಿ ಶುರುವಾಯಿತು. ರಾತ್ರಿ ಹೊದಿಕೆ ತಾಗಿದರೂ ಕೆಂಡ ತುಳಿದಂತೆ. ಹಗಲು ಚಪ್ಪಲಿ ಜಾರಿದ್ದು ತಿಳಿಯದೆ ನಾಲ್ಕು ಹೆಜ್ಜೆ ನಡೆದುಬಿಡುತ್ತಿದ್ದೆ. ಸಕ್ಕರೆ ಕಾಯಿಲೆ ಇರಲಿಲ್ಲ. ನರದ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಡಾಕ್ಟರೊಬ್ಬರು ‘ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಮ್ಮಾ’ ಎಂದು ನಿದ್ರೆ ಮಾತ್ರೆ ಬರೆದುಕೊಟ್ಟರು.

2012ರಲ್ಲಿ ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ನೋಡಿದರು. 1903ರಲ್ಲಿ ಜರ್ಮನಿಯ ಶಿರ್ಮರ್ ಹೇಳಿಕೊಟ್ಟ ಪರೀಕ್ಷೆ ಇದು. 5 ನಿಮಿಷದಲ್ಲಿ 5 ಮಿಲಿಮೀಟರಾದರೂ ನೆನೆಯಬೇಕು. ನನ್ನದು 2 ದಾಟಲಿಲ್ಲ. ರಕ್ತ ಪರೀಕ್ಷಿಸಿ, ತುಟಿಯೊಳಗಿಂದ ಚೂರು ತೆಗೆದು ನೋಡಿದ ಮೇಲೆ ಕಾಯಿಲೆಗೆ ಹೆಸರು ಸಿಕ್ಕಿತು: ಶೋಗ್ರೆನ್.

ಹೆನ್ರಿಕ್ ಶೋಗ್ರೆನ್ ಸ್ವೀಡನ್ನಿನ ಕಣ್ಣಿನ ವೈದ್ಯರು. ಕಣ್ಣು ಬತ್ತುವುದು, ಬಾಯಿ ಒಣಗುವುದು, ಕೀಲು ನೋಯುವುದು ಒಂದೇ ರೋಗದ ಕೊಂಬೆಗಳು ಎಂಬುದು ಅವರ ವಾದ. 1933ರ ಅವರ ಪ್ರಬಂಧದಲ್ಲಿದ್ದ 19 ರೋಗಿಗಳೂ ಹೆಂಗಸರೇ. 13 ಮಂದಿಗೆ ಕೀಲುವಾತವಿತ್ತು. ಪರೀಕ್ಷಕರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಬೇಕಾದ ದರ್ಜೆ ಕೊಡಲಿಲ್ಲ. ಹೆಂಗಸರ ಒಣಗಣ್ಣಿನ ಮಾತನ್ನು ಕೇಳಿಸಿಕೊಂಡ ಗಂಡಸಿಗೂ ನಮ್ಮ ಗತಿಯೇ ಆಯಿತಲ್ಲ ಎನಿಸಿತು ನನಗೆ. 1943ರಲ್ಲಿ ಆಸ್ಟ್ರೇಲಿಯಾದ ಬ್ರೂಸ್ ಹ್ಯಾಮಿಲ್ಟನ್ ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಹೊರಗಿನವರೂ ಅದನ್ನು ಓದಿದರು. ಸ್ವೀಡನ್ ಸರ್ಕಾರ ಅವರಿಗೆ ಪ್ರೊಫೆಸರ್ ಬಿರುದು ಕೊಟ್ಟದ್ದು 1961ರಲ್ಲಿ.

ಬೇಲಿಯೇ ಎದ್ದು ಹೊಲ ಮೇಯ್ದಂತೆ, ಮೈ ಕಾಯಬೇಕಾದ ಬಿಳಿ ರಕ್ತಕಣಗಳೇ ಕಣ್ಣೀರು, ಜೊಲ್ಲಿನ ಗ್ರಂಥಿಗಳಿಗೆ ನುಗ್ಗುತ್ತವೆ. ಕೆಲವರಲ್ಲಿ ನರಗಳನ್ನೂ ಬಿಡುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ಸ್ಪರ್ಶದ ನರಕೋಶಗಳು ಕೆಟ್ಟರೆ, ಕಾಲಲ್ಲಿ ಶಕ್ತಿ ಇದ್ದರೂ ನೆಲ ಎಲ್ಲಿದೆ ಎಂದು ತಿಳಿಯುವುದಿಲ್ಲ. ಉರಿ, ನೋವು ಒಯ್ಯುವ ಸಣ್ಣ ಎಳೆಗಳ ಹಾನಿ ಮಾಮೂಲಿ ನರಪರೀಕ್ಷೆಗೆ ಸಿಗದು. ಅದು ದಪ್ಪ ಎಳೆಗಳನ್ನಷ್ಟೇ ಅಳೆಯುತ್ತದೆ. ಕೊನೆಗೆ ನನ್ನ ಕಣಕಾಲಿನ ಮೇಲಿಂದ ಕಾಳಿನಷ್ಟು ಚರ್ಮ ತೆಗೆದು ನರದ ತುದಿಗಳನ್ನು ಎಣಿಸಿದರು. ಇರಬೇಕಾದಷ್ಟು ಇರಲಿಲ್ಲ.

ವರದಿಯನ್ನು ಅಕ್ಕನಿಗೆ ಓದಿ ಹೇಳಿದೆ. ‘ಹಾಗಾದರೆ ಅಮ್ಮ ಹೋದಾಗ ನಿನಗೆ...’ ಎಂದವಳು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಒಳಗೆ ಹೋಗಿ ನನಗೊಂದು ಲೋಟ ನೀರು ತಂದುಕೊಟ್ಟಳು.